ಗಿರಣಿಯ ದಾರಿ ಹಿಡಿದು ಬಂದ ಹೆಳವ

ಕಲ್ಲಂಗಡಿ ಹಣ್ಣನ್ನು ಕೊಳ್ಳುವ ಮುನ್ನ ಬೆರಳಿನಿಂದ ತಟ್ಟಿ, ಕಿವಿಯನ್ನು ಹತ್ತಿರ ಒಯ್ದು ಆಲಿಸುವುದು ನನ್ನ ಬಹುಕಾಲದ ಪರಿಪಾಠ. ಒಳಗೆ ಕೆಂಪಗಿದ್ದರೆ ಯಾವ ನಾದ ಹೊರಡಬೇಕು, ಬೆಳ್ಳಗಿದ್ದರೆ ಯಾವುದು ಎಂಬ ಶಾಸ್ತ್ರ ನನಗೆ ಇಂದಿನವರೆಗೂ ತಿಳಿದಿಲ್ಲ. ಆದರೂ ಕೊರ್ತಾಲಿಮ್ ಸೇತುವೆಯ ಬಳಿ ರಸ್ತೆ ಬದಿಯಲ್ಲಿ ರಾಶಿ ಹಾಕಿಕೊಂಡು ಕೂತವನೆದುರು ನಾಲ್ಕು ಹಣ್ಣು ತಟ್ಟಿ, ಸಂಗೀತ ವಿದ್ವಾಂಸನಂತೆ ಮುಖ ಗಂಭೀರ ಮಾಡಿ, ಕೊನೆಗೆ ತಟ್ಟದೇ ಇದ್ದ ಐದನೆಯದನ್ನು ಎತ್ತಿಕೊಳ್ಳುತ್ತೇನೆ. ಸುಮ್ಮನೆ ಕೊಂಡರೆ ಅವನು ನನ್ನನ್ನು ಹೆಡ್ಡನೆಂದುಕೊಂಡಾನು ಎಂಬ ಭಯ. ತಟ್ಟಿಯೂ ಹಣ್ಣು ಸಪ್ಪೆಯಾದರೆ ಅವನನ್ನು ಬೈಯುವ ಹಕ್ಕಾದರೂ ನನಗೆ ಉಳಿಯುತ್ತದೆ.

ಇದು ನನ್ನ ಸ್ವಭಾವದ ದೋಷವೋ ವೃತ್ತಿಯ ದೋಷವೋ ಹೇಳಲಾರೆ. ಸಾಂಕೋಲೆಯ ಕಾರ್ಖಾನೆಯೊಂದರ ಗೇಟಿನಲ್ಲಿ ನಾನು ಭದ್ರತೆಯ ಮೇಲ್ವಿಚಾರಕ. ಪಾಳಿ ಮುಗಿಸಿ ಹೊರಡುವವರ ಊಟದ ಡಬ್ಬಿ ತೆರೆಸಿ ನೋಡುವುದು, ಒಳಗೆ ಬರುವವರ ಮುಖ ಮತ್ತು ಗುರುತಿನ ಚೀಟಿಯ ಮುಖ ಒಂದೇ ಹೌದೋ ಅಲ್ಲವೋ ಎಂದು ತಾಳೆ ನೋಡುವುದು ನನ್ನ ದಿನಚರಿ. ಡಬ್ಬಿಯಲ್ಲಿ ಉಳಿದ ಅರ್ಧ ರೊಟ್ಟಿಯನ್ನೂ ಮಗುಚಿ ನೋಡಿದವನು ನಾನು. ಸಂಶಯಕ್ಕೆ ಸಂಬಳ ಪಡೆಯುವ ಭಾಗ್ಯ ಎಷ್ಟು ಮಂದಿಗಿದೆ ಹೇಳಿ! ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿದರೂ ಯಾರು ಕಳಿಸಿದ್ದು ಎಂದು ಕೇಳುವ ಮನುಷ್ಯ ಎಂದು ನನ್ನ ಹೆಂಡತಿ ತವರಿನಲ್ಲಿ ನನ್ನನ್ನು ಪರಿಚಯಿಸುತ್ತಾಳಂತೆ.

ಹಾಗೆಂದು ನನ್ನೊಬ್ಬನನ್ನೇ ದೂರಬೇಡಿ. ಈ ನೆಲದಲ್ಲಿ ನಮ್ಮಂಥವರು ಸಂಶಯವನ್ನು ಕೊಟ್ಟೂ ಬದುಕಬೇಕು, ತೆಗೆದುಕೊಂಡೂ ಬದುಕಬೇಕು. ಗೋವೆಯಲ್ಲೇ ಹುಟ್ಟಿ, ಇಲ್ಲಿಯ ನೀರು ಕುಡಿದು, ಕೊಂಕಣಿಯಲ್ಲಿ ಜಗಳವಾಡುವಷ್ಟು ಪಾಂಡಿತ್ಯ ಗಳಿಸಿದ ಮೇಲೂ ಬಸ್ಸಿನಲ್ಲಿ ಪಕ್ಕದವನು ‘ತುಂ ಖಂಯ್ಚೊ?’ ಎಂದೇ ಮಾತು ಆರಂಭಿಸುತ್ತಾನೆ. ಎಲ್ಲಿಯವನು ನೀನು ಎಂಬ ಆ ಪ್ರಶ್ನೆಗೆ ನನ್ನ ಬಳಿ ಚೊಕ್ಕವಾದ ಉತ್ತರವಿಲ್ಲ. ಘಟ್ಟದ ಮೇಲಿನ ನಮ್ಮೂರಿಗೆ ಹೋದರೆ ಅಲ್ಲಿಯವರು ‘ಗೋವಾದವ್ರು ಬಂದ್ರು’ ಎನ್ನುತ್ತಾರೆ. ಇನ್ನು, ಕೈಯಲ್ಲಿ ಪುಸ್ತಕ ಹಿಡಿದು ಮನೆ ಬಾಗಿಲಿಗೆ ಬಂದವರನ್ನು ಕಂಡರೆ ನಮ್ಮ ಓಣಿಯ ಅರ್ಧ ಕದಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ಬಂದವನು ಬಾಡಿಗೆದಾರರ ವಿವರ ಕೇಳುವವನಿರಬಹುದು, ಜೋಪಡಿ ತೆರವು ಮಾಡಿಸುವವನಿರಬಹುದು, ಬಂಗಾರ ತೊಳೆದು ಹೊಳಪು ಕೊಡುತ್ತೇನೆಂದು ಬಳೆಯನ್ನೇ ಕರಗಿಸಿ ಒಯ್ಯುವವನೂ ಇರಬಹುದು. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುವುದು ತಪ್ಪಲ್ಲ.

ನಮ್ಮ ಮನೆಯಲ್ಲಿ ಸಂಶಯದ ಸೋಂಕು ತಾಗದೆ ಉಳಿದವಳು ಅವ್ವ ಒಬ್ಬಳೇ. ಅವಳಿಗೆ ಇದ್ದುದು ಒಂದು ನಿರೀಕ್ಷೆ. ಹೆಳವ ಬರಬೇಕು.

ಹೆಳವರನ್ನು ನೀವು ಕಂಡಿದ್ದೀರೋ ಇಲ್ಲವೋ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಬಂದು, ಮನೆಯೆದುರು ನಿಂತು ಆ ಮನೆತನದ ಏಳು ತಲೆಮಾರಿನ ಹೆಸರುಗಳನ್ನು ರಾಗವಾಗಿ ಹೇಳುವವರು ಅವರು. ಒಂದೊಂದು ಹೆಳವ ಮನೆತನಕ್ಕೂ ಇಂತಿಂಥ ಒಕ್ಕಲು ಎಂದು ಹಂಚಿಕೆಯುಂಟು. ಹುಟ್ಟಿದವರನ್ನು ಪುಸ್ತಕಕ್ಕೆ ಸೇರಿಸಿ, ತೀರಿದವರ ಹೆಸರಿನ ಪಕ್ಕ ಒಂದು ಸೊನ್ನೆ ಹಾಕಿ, ಕೊಟ್ಟ ಜೋಳ ಕಟ್ಟಿಕೊಂಡು ಹರಸಿ ಹೋಗುತ್ತಾರೆ. ನಮ್ಮವರು ನದಿಮೂಲ ಋಷಿಮೂಲ ಹುಡುಕಬಾರದೆಂದು ಹೇಳುತ್ತಲೇ ತಮ್ಮ ಮೂಲವನ್ನು ಮಾತ್ರ ಹೀಗೆ ಇನ್ನೊಬ್ಬರ ಜೋಳಿಗೆಯಲ್ಲಿ ಭದ್ರವಾಗಿ ಇಟ್ಟಿದ್ದರು. ನಮ್ಮಪ್ಪ ಶಿವಪ್ಪ ಹೊಲದ ಪಾಲಿಗಾಗಿ ಅಣ್ಣಂದಿರೊಡನೆ ಮುನಿದು ಊರು ಬಿಟ್ಟು, ಮೊದಲು ಘಟ್ಟದ ಮೇಲಿನ ಬಟ್ಟೆಗಿರಣಿಯಲ್ಲಿ ಮಗ್ಗ ನಡೆಸಿ, ಆಮೇಲೆ ಗೋವೆಯ ಬಂದರದಲ್ಲಿ ಹೊರೆ ಹೊರಲು ಬಂದವನು. ಆದ್ದರಿಂದ ಮದುವೆಯಾದಂದಿನಿಂದ ಅವ್ವನ ಮನೆ ಬಾಗಿಲಿಗೆ ಹೆಳವ ಬಂದದ್ದೇ ಇಲ್ಲ. ಪ್ರತಿ ಸುಗ್ಗಿಗೂ ಅವಳು, “ಈ ವರ್ಷಾನೂ ಹೆಳವ ಬರ್ಲಿಲ್ಲ ನೋಡು. ನಮ್ಮ ಮನಿ ಹೆಸರು ಒಮ್ಮೆ ಕಿವಿಲೆ ಕೇಳಿ ಸಾಯಬೇಕು ನಾ” ಎನ್ನುತ್ತಿದ್ದಳು. ಅಪ್ಪ ತೀರಿದ ಮೇಲೆ ಆ ಹಂಬಲ ಹೆಚ್ಚಾಯಿತು. ಕಣ್ಣಿಗೆ ಪೊರೆ ಬಂದು, ಮಂಡಿ ಸೋತು, ಮಾತು ಕಡಿಮೆಯಾದರೂ ಈ ಒಂದು ಮಾತು ಕಡಿಮೆಯಾಗಲಿಲ್ಲ.

ಮೊಬೈಲುಗಳಿಗೆ ಇನ್ನೂ ಗುಂಡಿಗಳಿದ್ದ ಕಾಲ ಅದು. ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋಗಿದ್ದ ಒಂದು ಭಾನುವಾರ ಮಧ್ಯಾಹ್ನ ಬಾಗಿಲೆದುರು ಪೈಲಟ್ಟಿನ ಮೋಟರ್‌ಸೈಕಲ್ಲು ನಿಂತಿತು. ಬಾಡಿಗೆಗೆ ಜನರನ್ನು ಕೂರಿಸಿಕೊಂಡು ಹೋಗುವ ಈ ಮೋಟರ್‌ಸೈಕಲ್ಲಿನವರಿಗೆ ಗೋವೆಯಲ್ಲಿ ಪೈಲಟ್ ಎಂದು ಹೆಸರು. ಹಿಂದಿನ ಸೀಟಿನಿಂದ ಕೆಂಪು ರುಮಾಲಿನ, ಹೆಗಲಿಗೆ ಕಂಬಳಿ ಹೊದ್ದ, ಕೈಯಲ್ಲಿ ಹಿತ್ತಾಳೆ ಗಂಟೆ ಹಿಡಿದ ಒಬ್ಬಾತ ಇಳಿದು ಕೈ ಮುಗಿದ.

“ಶಿವಪ್ಪಾರ ಮಗ ತಿಪ್ಪಣ್ಣಾರ ಮನಿ ಇದ ಏನ್ರಿ? ನಾ ನಿಮ್ಮ ಹೆಳವ ರೀ, ದುರಗಪ್ಪ. ಹನ್ನೊಂದು ದಿನದಿಂದ ನಿಮ್ಮನ್ನ ಹುಡಕಾಕತ್ತೇನಿ.”

ನನ್ನೊಳಗಿನ ಗೇಟು ಧಡಾರನೆ ಬಿತ್ತು. ಬಾಗಿಲ ಮೇಲಿನ ಹಲಗೆಯಲ್ಲಿರುವುದು ‘ಟಿ. ಎಸ್. ಕಲ್ಲೂರ’ ಎಂದಷ್ಟೇ. ತಿಪ್ಪೆಯಿಂದ ಹುಟ್ಟಿದ ತಿಪ್ಪಣ್ಣ ಎಂಬ ಹೆಸರನ್ನು ಶಾಲೆಯ ಹುಡುಗರು ಆಡಿಕೊಂಡು ನಕ್ಕ ಮೇಲೆ ಅದನ್ನು ಒಂದೇ ಅಕ್ಷರಕ್ಕೆ ಇಳಿಸಿ ಮರೆಮಾಡಿದವನು ನಾನು. ಇವನಿಗೆ ಹೇಳಿದವರು ಯಾರು? ರೇಷನ್ ಅಂಗಡಿಯ ಪಟ್ಟಿಯೇ, ಮತದಾರರ ಯಾದಿಯೇ?

“ಹೆಳವ ಅಂದ್ರ ಎತ್ತಿನ ಮ್ಯಾಲ ಬರ್ತಾನ. ಎತ್ತು ಎಲ್ಲೈತಿ?” ಎಂದು ತಡೆದೆ.

“ಎತ್ತಿಗೆ ಘಟ್ಟ ಇಳಿಯಾಕ ಯಾವ ಬಸ್ಸಿನ್ಯಾಗ ಜಾಗಾ ಕೊಡ್ತಾರ್ರಿ ಸಾಹೇಬ್ರ?” ಎಂದ ಅವನು, ನಗದೆ.

ಉತ್ತರ ಸಮರ್ಪಕವಾಗಿತ್ತು. ಸಮರ್ಪಕವಾದ ಉತ್ತರಗಳ ಬಗ್ಗೆ ನನಗೆ ವಿಶೇಷ ಸಂಶಯ. ಕಳ್ಳಮಾಲು ಇಟ್ಟುಕೊಂಡವನೇ ಡಬ್ಬಿಯನ್ನು ತಾನಾಗಿ ತೆರೆದು ತೋರಿಸುವುದನ್ನು ಗೇಟಿನಲ್ಲಿ ಎಷ್ಟು ಸಲ ಕಂಡಿಲ್ಲ! ಅಷ್ಟರಲ್ಲಿ ಗಂಟೆಯ ಸದ್ದಿಗೆ ಒಳಗಿನಿಂದ ಅವ್ವ ಗೋಡೆ ಹಿಡಿದುಕೊಂಡು ಬಂದಳು. ಯಾರೆಂದು ಕೇಳಲಿಲ್ಲ. “ಬಂದ್ಯಾ ಯಪ್ಪಾ” ಎಂದವಳೇ ಪಡಸಾಲೆಯಲ್ಲಿ ಕಂಬಳಿ ಹಾಸಿದಳು. ನಾನು ಹಿತ್ತಾಳೆಯ ತಂಬಿಗೆಯನ್ನು ಸದ್ದಿಲ್ಲದೆ ಒಳಗೆ ಸರಿಸಿ, ಸ್ಟೀಲಿನ ಲೋಟದಲ್ಲಿ ನೀರು ಕೊಟ್ಟು, ಮೊಬೈಲು ಕೈಯಲ್ಲಿ ಹಿಡಿದು ಬಾಗಿಲಿಗೆ ಅಡ್ಡಲಾಗಿ ಕುಳಿತೆ. ಅವ್ವನ ಮುಖದಲ್ಲಿ ಅಂದು ಕಂಡ ಬೆಳಕನ್ನು ಕಂಡು ನನಗೆ ನಿಜಕ್ಕೂ ಹೆದರಿಕೆಯಾಯಿತು. ಇವನು ಠಕ್ಕನಾದರೆ ಕಳೆಯುವುದು ಲೋಟವಲ್ಲ, ಈ ಮುದುಕಿಯ ಒಂದೇ ಒಂದು ಆಸೆ.

ದುರಗಪ್ಪ ನೀರು ಕುಡಿದು ತನ್ನ ಹುಡುಕಾಟದ ಕಥೆ ಹೇಳಿದ. ಮೊದಲು ಗಿರಣಿಯ ಊರಿಗೆ ಹೋದನಂತೆ. ಗಿರಣಿ ಮುಚ್ಚಿ ಎಷ್ಟೋ ವರ್ಷವಾಗಿದೆ. ಕಾರ್ಮಿಕರ ಚಾಳುಗಳಲ್ಲಿ ಹಳೆಯ ಮಂದಿ ಬೆರಳೆಣಿಕೆಯಷ್ಟು. “ನಿಮ್ಮಪ್ಪಾರ ಜೋಡಿ ಮಗ್ಗ ನಡಿಸಿದ ಒಬ್ಬ ಮುದುಕ ಅದಾನ್ರಿ ಅಲ್ಲಿ. ಗಿರಣಿ ಭೋಂಗಾ ಕೂಗೂದು ನಿಂತ್ರೂ ಅಂವ ನಿಂತಿಲ್ಲ. ದಿನಾ ಮುಂಜಾನಿ ಎದ್ದು ಡಬ್ಬಿ ಹಿಡಕೊಂಡು ಗಿರಣಿ ಗೇಟಿನ ತನಕ ಹೋಗಿ, ಕೀಲಿ ನೋಡಿ, ಹೊಳ್ಳಿ ಬರ್ತಾನ. ಅಂವನ ಹೇಳಿದ, ಶಿವಪ್ಪ ಗೋವಾ ಬಂದರಕ್ಕ ಹ್ವಾದ ಅಂತ.” ಬಂದರದಲ್ಲಿ ಚಹದ ಅಂಗಡಿಯವನೊಬ್ಬ ಸಾಂಕೋಲೆಯ ದಾರಿ ತೋರಿಸಿದ್ದನಂತೆ. ಜನ ತಮ್ಮ ಬೇರನ್ನು ಹುಡುಕಿಕೊಂಡು ಹೋಗುವುದುಂಟು. ಇಲ್ಲಿ ಬೇರೇ ಬಸ್ಸು ಹತ್ತಿ ಕೊಂಬೆಯನ್ನು ಹುಡುಕಿಕೊಂಡು ಬಂದಿತ್ತು. ಮುಚ್ಚಿದ ಗೇಟಿನೆದುರು ನಿಲ್ಲುವ ಆ ಮುದುಕನನ್ನು ನೆನೆದು ಗೇಟಿನವನಾದ ನನ್ನ ಮನಸ್ಸು ಒಂದು ಗಳಿಗೆ ಕರಗಿತು. ಮರುಗಳಿಗೆಯೇ, ಕರಗಿಸಲೆಂದೇ ಕಟ್ಟಿದ ಕಥೆ ಏಕಾಗಿರಬಾರದು ಎಂದು ಗಟ್ಟಿಯಾಯಿತು.

ಪರೀಕ್ಷೆ ಶುರು ಮಾಡಿದೆ. ಮನೆದೇವರು ಯಾರೆಂದು ಕೇಳಿದೆ. ಮೈಲಾರಲಿಂಗ ಎಂದ, ಸರಿ. ಆದರೆ ಆ ಭಾಗದಲ್ಲಿ ಕಣ್ಣು ಮುಚ್ಚಿ ಕಲ್ಲು ಎಸೆದರೂ ಮೈಲಾರಲಿಂಗನ ಒಕ್ಕಲಿಗೇ ಬಿದ್ದೀತು. ಅಜ್ಜನ ಹೆಸರು ಕೇಳಿದೆ. ಬಸಪ್ಪ ಎಂದ, ಅದೂ ಸರಿ. ಬಸಪ್ಪನಿಲ್ಲದ ಊರನ್ನು ನೀವು ತೋರಿಸಿ. ಅವ್ವ ಮಾತ್ರ ಒಂದೊಂದು ಉತ್ತರಕ್ಕೂ ತಲೆದೂಗುತ್ತ, ಮೊರದಲ್ಲಿ ಜೋಳ ತುಂಬಿ, ಅರಿಷಿಣ ಕುಂಕುಮವಿಟ್ಟು ಮುಂದೆ ತಂದಿಟ್ಟಳು.

ದುರಗಪ್ಪ ಕೆಂಪು ಬಟ್ಟೆ ಬಿಚ್ಚಿ ಉದ್ದನೆಯ ಪುಸ್ತಕ ತೆಗೆದು, ಗಂಟೆ ಅಲ್ಲಾಡಿಸಿ, ರಾಗ ಎತ್ತಿದ. ನಾನೆಂದೂ ಕೇಳದ ಮುತ್ತಜ್ಜಂದಿರು ಒಬ್ಬರ ಬೆನ್ನಿಗೊಬ್ಬರು ನಮ್ಮ ಸಿಮೆಂಟಿನ ಪಡಸಾಲೆಗೆ ಬಂದು ಕೂತರು. “ಬಸಪ್ಪನ ಮಕ್ಕಳು ಮೂವರು, ಕಿರಿಯಾಂವ ಶಿವಪ್ಪ, ಶಿವಪ್ಪನ ಮಡದಿ ನೀಲವ್ವ” ಎನ್ನುವಾಗ ಅವ್ವ ಸೆರಗು ಸರಿ ಮಾಡಿಕೊಂಡಳು. “ಶಿವಪ್ಪ ನೀಲವ್ವಗ ಗಂಡು ಮಕ್ಕಳು ಇಬ್ಬರು” ಎಂದು ಅವನು ರಾಗ ನಿಲ್ಲಿಸಿ ನನ್ನತ್ತ ತಿರುಗಿದ.

“ನಿಮ್ಮ ಅಣ್ಣಾರು ಮೈಲಾರಪ್ಪನವರು ಎಲ್ಲಿರ್ತಾರ್ರಿ? ಅವರ ಮಕ್ಕಳನ್ನೂ ಬರಕೋಬೇಕಿತ್ತು.”

ಸಿಕ್ಕಿಬಿದ್ದ! ನನ್ನ ಇಡೀ ವೃತ್ತಿಜೀವನದಲ್ಲಿ ಇಷ್ಟು ಶುದ್ಧವಾದ ಆನಂದವನ್ನು ನಾನು ಅನುಭವಿಸಿರಲಿಲ್ಲ. ಅದರ ಹಿಂದೆಯೇ ಇನ್ನೊಂದು ಸಂಶಯ ಓಡಿ ಬಂತು. ಇದು ದೊಡ್ಡಪ್ಪಂದಿರ ಮಕ್ಕಳ ಹೂಟ. ಇಲ್ಲದ ಅಣ್ಣನೊಬ್ಬನನ್ನು ಹುಟ್ಟಿಸಿ ಊರಿನ ಹೊಲದಲ್ಲಿ ನನ್ನ ಪಾಲನ್ನು ನುಂಗುವ ಉಪಾಯ. ಅದಕ್ಕಿಂತ ಹೊಲಸಾದ ಮೂರನೆಯದೊಂದು, ಅಪ್ಪನಿಗೆ ಗಿರಣಿಯ ಊರಿನಲ್ಲಿ ಬೇರೊಂದು ಸಂಸಾರವಿತ್ತೇ ಎಂಬುದೂ ಹೊಳೆಯಿತು. ಆ ನೆನಪಿಗೆ ಇಂದಿಗೂ ನಾಚುತ್ತೇನೆ.

“ಎದ್ದೇಳು ದುರಗಪ್ಪ” ಎಂದೆ. “ನಮ್ಮಪ್ಪಗ ನಾ ಒಬ್ಬನ ಮಗ. ಯಾರದೋ ಮನಿ ಪುಸ್ತಕ ತಂದು ಮುದುಕಿಗೆ ಮೋಸ ಮಾಡಾಕತ್ತಿ. ಗಂಟು ಕಟ್ಟು, ಇಲ್ಲಾಂದ್ರ ಪೊಲೀಸರನ್ನ ಕರೀತೀನಿ.”

“ತಿಪ್ಪಣ್ಣ, ಸುಮ್ನ ಕುಂದ್ರು” ಎಂದಳು ಅವ್ವ. ಅವಳು ದನಿ ಏರಿಸಲಿಲ್ಲ. “ಇದ್ದ. ನಿನಗಿಂತ ಮೊದಲ ಒಬ್ಬಾಂವ ಇದ್ದ. ಬಂದರದ ಗುಡಿಸಲಿನ್ಯಾಗ ಹುಟ್ಟಿದ, ಎಂಟು ತಿಂಗಳಿದ್ದ, ಜ್ವರ ಬಂದು ಹ್ವಾದ. ನೀ ಹುಟ್ಟಿದಾಗ ನೀನರ ಉಳೀಲಿ ಅಂತ ತಿಪ್ಪಿ ಮ್ಯಾಲ ಮಲಗಿಸಿ, ಬಿಸಾಕಿದ್ದನ್ನ ಎತ್ತಿಕೊಂಡಾಂಗ ಎತ್ತಿಕೊಂಡ್ವಿ. ಅದಕ್ಕ ನಿನಗ ಆ ಹೆಸರು. ಹ್ವಾದಾಂವನ ಹೆಸರು ಎತ್ತಿದ್ರ ಇದ್ದಾಂವಗ ದೃಷ್ಟಿ ಆಗತೈತಿ ಅಂತ ನಿಮ್ಮಪ್ಪ ಮನ್ಯಾಗ ಎಂದೂ ಅಂವನ ಹೆಸರು ಎತ್ತಗೊಡಲಿಲ್ಲ. ನನಗ ಒಂದ ಆಸೆ ಇತ್ತು, ಹೆಳವ ಬಂದ್ರ ಅಂವನ ಹೆಸರು ಬರಸಬೇಕು ಅಂತ. ನಾ ಬರಸೂದಕ್ಕ ಮೊದಲ…”

ಅವಳ ಮಾತನ್ನು ದುರಗಪ್ಪ ಪೂರೈಸಿದ. ತೀರಿಹೋದ ಅಜ್ಜ ಬಸಪ್ಪನ ದಿನದ ಕಾರ್ಯಕ್ಕೆ ಅಪ್ಪ ಒಮ್ಮೆ ಊರಿಗೆ ಹೋಗಿದ್ದನಂತೆ. ಆಗ ಪುಸ್ತಕ ಹಿಡಿದು ಬಂದ ದುರಗಪ್ಪನ ತಂದೆಗೆ, ಗೋವಾದಲ್ಲಿ ನನಗೆ ಇಬ್ಬರು ಗಂಡು ಮಕ್ಕಳು, ಮೈಲಾರಪ್ಪ, ತಿಪ್ಪಣ್ಣ, ಇಬ್ಬರೂ ಆರಾಮ ಇದ್ದಾರೆ ಎಂದು ಹೇಳಿ ಬರೆಸಿದ್ದನಂತೆ. ತೋರಿಸಿದ ಪುಟದಲ್ಲಿ ಅಪ್ಪನ ಅಣ್ಣಂದಿರಿಬ್ಬರ ಪಕ್ಕದಲ್ಲೂ ಸೊನ್ನೆಗಳಿದ್ದವು. ಮೈಲಾರಪ್ಪನ ಪಕ್ಕ ಏನೂ ಇರಲಿಲ್ಲ. ನಮ್ಮೆದುರು ಆ ಹೆಸರನ್ನು ನುಂಗಿಕೊಂಡು ಬದುಕಿದ ಮನುಷ್ಯ, ಮುನಿದು ಬಿಟ್ಟುಬಂದ ಮನೆಯ ಜಗುಲಿಯಲ್ಲಿ ಕೂತು ಸತ್ತ ಮಗನನ್ನು ಸುಖವಾಗಿಟ್ಟು ಬಂದಿದ್ದ. ಮೊಬೈಲನ್ನು ಜೇಬಿಗೆ ಹಾಕಿಕೊಂಡೆ.

ಅವ್ವ ಪುಟದ ಮೇಲೆ ಕೈಯಾಡಿಸುತ್ತ, “ಅವರು ಅಂವನ್ನ ಮರತಾರ ಅಂತ ತಿಳಕೊಂಡಿದ್ದೆ ನಾ” ಎಂದಳು.

ದುರಗಪ್ಪ ಜೇಬಿನಿಂದ ಪೆನ್ನು ತೆಗೆದ. “ತೀರಿದ್ದು ಗೊತ್ತಾದ ಮ್ಯಾಲ ಸೊನ್ನೆ ಹಾಕದ ಓದಾಕ ಬರಾಂಗಿಲ್ರಿ. ನಮ್ಮ ಪುಸ್ತಕದಾಗ ಸುಳ್ಳು ಇರಬಾರದು. ಖರೇ, ಮನಿ ಹಿರೇರು ಹೇಳದ ನಾ ಹಾಕಾಂವ ಅಲ್ಲ. ಹೇಳ್ರಿ ತಿಪ್ಪಣ್ಣಾರ, ಹಾಕಲೇನ್ರಿ?”

ಅವ್ವ ನನ್ನ ಕಡೆ ನೋಡಿದಳು. ಸುಳ್ಳನ್ನು ಹಿಡಿಯುವುದಕ್ಕೇ ಅನ್ನ ತಿನ್ನುವವನು ನಾನು. ಅಂಗೈಯಗಲದ ಕಾಗದದ ಮೇಲೆ ಅಷ್ಟು ಸ್ಪಷ್ಟವಾದ ಸುಳ್ಳು ನನ್ನ ಕಣ್ಣೆದುರಿಗಿತ್ತು.

“ಮನಿ ಹಿರೇಂವ ನಾ ಅಲ್ಲ ದುರಗಪ್ಪ, ನಮ್ಮಣ್ಣ” ಎಂದೆ. “ಅಂವನ್ನ ಕೇಳದ ನಾ ಹೆಂಗ ಹೇಳ್ಲಿ?”

ಅವನು ಪೆನ್ನನ್ನು ಜೇಬಿಗೆ ಸೇರಿಸಿ, ಗಂಟೆಯನ್ನು ಕೈಗೆತ್ತಿಕೊಂಡ. ಅವ್ವ ಮೊರದ ಜೋಳವನ್ನು ಅವನ ಜೋಳಿಗೆಗೆ ಸುರಿದು, ಮೊದಲಿನಿಂದ ಇನ್ನೊಮ್ಮೆ ಓದಲು ಹೇಳಿದಳು.