ಉಡಿಗೆ ಹಾಕಿದ ಹವೀಜ

ಈಗ ಬಾಗಿದರೆ ಏಳುವುದೇ ಕಷ್ಟ. ಆದರೂ ಮೊಮ್ಮಗಳನ್ನು ಹೆಗಲ ಮೇಲೆ ಹೊತ್ತು ಹೊಲ ಸುತ್ತಿದ ಆ ಬೆಳಗು ನೆನಪಾದರೆ ಜೀವ ಹಿಗ್ಗುತ್ತದೆ. ಮಠದಲ್ಲಿ ಅಯ್ಯನವರು ಕಲಿಸಿದ ನಾಲ್ಕು ಅಕ್ಷರ ಕೂಡಿಸಿ ಬರೆಯುತ್ತಿದ್ದೇನೆ.

ನಿಜಾಮರ ಕಾಲ. ನಿಲಂಗಾದ ಹತ್ತಿರ ನಮ್ಮ ಎರೆ ಹೊಲದಲ್ಲಿ ಹವೀಜ, ಅಂದರೆ ಕೊತ್ತಂಬರಿ ಕಾಳು, ಬೆಳೆಯುತ್ತಿದ್ದೆವು. ಉದಗೀರದ ಪೇಟೆಯಲ್ಲಿ ದಪ್ಪ ಕಾಳಿಗೇ ಬೆಲೆ. ಅದಕ್ಕೇ ನಮ್ಮಪ್ಪನ ಕಾಲದಿಂದಲೂ ಜರಡಿ ಹಿಡಿದು, ಮೇಲುಳಿದ ದಪ್ಪ ಕಾಳನ್ನೇ ಬೀಜಕ್ಕೆ ಇಡುವುದು. ಕೆಳಗೆ ಬಿದ್ದ ಸಣ್ಣದು ಅಡುಗೆಗೆ. ಹೀಗಾಗಿ ಹೊಲದ ತುಂಬ ಒಂದೇ ತರಹದ ಗಿಡ. ನೋಡಲು ಬಹಳ ಚೆಂದ.

ಒಂದು ಚಳಿಗಾಲ ಹೂವಿನ ಹೊತ್ತಿಗೆ ಮಂಜು ಕವಿಯಿತು. ಗಿಡಗಳ ಮೇಲೆಲ್ಲ ಬೂದಿ ಎರಚಿದ ಹಾಗೆ ಬಿಳಿ ರೋಗ. ಒಂದೂ ಉಳಿಯಲಿಲ್ಲ. ಮರುವರ್ಷ ಪೇಟೆಯಿಂದ ತಂದ ದಪ್ಪ ಬೀಜಕ್ಕೂ ಅದೇ ಗತಿ. ಇನ್ನು ಹವೀಜದ ಸಹವಾಸವೇ ಸಾಕು ಅನ್ನುವಷ್ಟು ದಣಿದುಹೋದೆ.

ಆ ಪಂಚಮಿಗೆ, ದೇವಣಿಯ ಕಡೆ ಕೊಟ್ಟ ಮಗಳು ಕೂಸನ್ನು ಎತ್ತಿಕೊಂಡು ಬಂದಳು. ಸೆರಗಿನ ಗಂಟು ಬಿಚ್ಚಿ ಹವೀಜ ಸುರಿದಳು. ದಪ್ಪ, ಸಣ್ಣ, ದುಂಡು, ಉದ್ದ, ಎಲ್ಲ ಬೆರೆತಿತ್ತು.

“ಯಾಕವ್ವಾ, ನಿಮ್ಮ ಮನ್ಯಾಗ ಜರಡಿ ಇಲ್ಲೇನು?” ಅಂದೆ.

“ಇದು ಗಂಡನ ಮನಿಗಿ ಕಳಸುವಾಗ ಅವ್ವ ನನ್ನ ಉಡಿಗಿ ಹಾಕಿದ ಬೀಜ ಅಪ್ಪಾ. ನಮ್ಮ ಹೊಲದಾಗೂ ಮಂಜಿಗಿ ಭಾಳ ಸತ್ತವು. ಆದ್ರ ನಡುನಡುವ ಹಸರ ನಿಂತವು.”

ನನ್ನ ಹೆಂಡತಿ ಒಳಗಿನಿಂದಲೇ ಕೂಗಿದಳು: “ನನ್ನ ಉಡಿಗಿ ನಮ್ಮವ್ವ ಹಾಕಿದ್ದರೀ ಅದು! ಉಡಿ ಬೀಜಕ್ಕ ಜರಡಿ ಹಿಡೀಬಾರದು. ಹಿತ್ತಲದಾಗ ಬೆಳಸ್ತಿದ್ದೆ. ನೀವು ಅಲ್ಲೇ ಎತ್ತಿಗಿ ಕೊಟ್ಟಿಗಿ ಕಟ್ಟಿದ್ರಲ್ಲ, ಎಲ್ಲಿ ಬೆಳೀಲಿ?”

ದಸರೆಯಾದ ಮೇಲೆ ಅದನ್ನು ಇದ್ದ ಹಾಗೆಯೇ ಬಿತ್ತಿದೆ. ಒಂದು ಗಿಡ ಮೊಳಕಾಲೆತ್ತರ, ಒಂದು ಗೇಣುದ್ದ. ಒಂದು ಹೂಬಿಟ್ಟರೆ ಇನ್ನೊಂದಕ್ಕೆ ಬರೀ ಎಲೆ. ದಾರಿಯಲ್ಲಿ ಹೋಗುವವರು ನಕ್ಕರು.

ಮತ್ತೆ ಮಂಜು ಬಿತ್ತು. ಎಳ್ಳ ಅಮಾವಾಸ್ಯೆಗೆ ಮಗಳು ಬಂದಿದ್ದಳು. ಮೊಮ್ಮಗಳನ್ನು ಹೊತ್ತು ಹೊಲಕ್ಕೆ ನಡೆದೆ, ಹೆಂಡತಿ ಹಿಂದೆ. ಹೊಲ ರೋಗದಿಂದ ಬೆಳ್ಳಗಾಗಿತ್ತು. ಆದರೆ ಅಲ್ಲೊಂದು ಇಲ್ಲೊಂದು ಗಿಡ ಹಸಿರಾಗಿ ನಿಂತಿತ್ತು! ಬೀಜಕ್ಕೆ ಇಡಲೆಂದು ಅವಕ್ಕೆ ಗುರುತಿಗೆ ಹಳೇ ಸೀರೆಯ ಚಿಂದಿ ಕಟ್ಟುತ್ತಾ ಹೋದೆ. ಪ್ರತಿ ಸಲ ಬಾಗುವಾಗಲೂ ಸೊಂಟ ಮುರಿದ ಹಾಗೆ. ದಣಿದು ಕೂಸನ್ನು ಇಳಿಸಿದೆ. ಅದು ಚಿಂದಿ ಕಟ್ಟಿದ ಗಿಡವನ್ನೇ ಬೇರುಸಹಿತ ಕಿತ್ತು ಬಾಯಿಗೆ ಹಾಕಿಕೊಂಡಿತು.

“ಏ ಏ, ಬೀಜದ್ದವ್ವಾ ಅದು!” ಅಂದೆ.

“ತಿನ್ಲಿ ಬಿಡ್ರೀ,” ಅಂದಳು ಹೆಂಡತಿ. “ನಾಳಿಗಿ ಆಕಿ ಉಡಿಗೇ ಹೋಗೂದದು.”

ಏಳಲಾಗದೆ ಸಾಲಿನಲ್ಲೇ ಕುಳಿತು ನಕ್ಕೆ.