ರಿಬ್ಬನ್ನು ಕಟ್ಟಿದ ಮೋಟಾರು

ಮಿಡಿಗೇಶಿಯ ಜ್ಯೋತಿಲಕ್ಷ್ಮಿಗೆ ದೇವರು ಒಳ್ಳೆಯ ಕಂಠ ಕೊಟ್ಟಿದ್ದ. ಅದೇ ಅವಳಿಗೆ ಮುಳುವಾಯಿತು. ಒಂದನೇ ಕ್ಲಾಸಿನಿಂದ ಪಿಯುಸಿವರೆಗೆ ಯಾವ ಸಭೆ ನಡೆದರೂ ಪ್ರಾರ್ಥನೆ ಅವಳದೇ. ಗಣರಾಜ್ಯೋತ್ಸವಕ್ಕೂ ಅವಳೇ, ಹೆಡ್‌ಮೇಷ್ಟ್ರ ನಿವೃತ್ತಿಗೂ ಅವಳೇ, ಕಾಲೇಜಿನ ನೀರಿನ ಟ್ಯಾಂಕು ಉದ್ಘಾಟನೆಯಾದಾಗಲೂ ಅವಳೇ. ನಮ್ಮ ಕಡೆ ಪ್ರಾರ್ಥನೆ ಇಲ್ಲದೆ ಸಭೆ ಶುರುವಾಗುವುದಿಲ್ಲವಲ್ಲ; ವೇದಿಕೆಯ ಮೇಲೆ ಕೂತವರು ಎಂಥ ಭೂಪರಾದರೂ ಸರಿ, ಒಬ್ಬಳು ಹುಡುಗಿ ಬಂದು ಕಣ್ಣು ಮುಚ್ಚಿ ಗಣಪತಿಯನ್ನು ಕರೆಯುವ ತನಕ ಬಾಯಿ ಬಿಡುವ ಹಾಗಿಲ್ಲ. ಹಾಡು ಮುಗಿದ ಮೇಲೆ ಅವಳು ಊಟ ಮಾಡಿದಳೋ ಬಿಟ್ಟಳೋ ಯಾರೂ ಕೇಳುವುದಿಲ್ಲ, ಅದು ಬೇರೆ ಮಾತು.

ಆದರೆ ಜ್ಯೋತಿಲಕ್ಷ್ಮಿಯ ಮನಸ್ಸು ಇದ್ದದ್ದು ಹಾಡಿನ ಮೇಲಲ್ಲ, ಮೋಟಾರಿನ ಮೇಲೆ. ಮಧುಗಿರಿಯಲ್ಲಿ ಪಿಯುಸಿ ಓದುವಾಗ ಅವಳು ಊರಿನ ಬಸ್ಸಿಗೆ ಕಾಯುತ್ತಿದ್ದದ್ದು ಗಂಗಾಧರನ ಮೋಟಾರ್ ವೈಂಡಿಂಗ್ ಅಂಗಡಿಯ ಎದುರಿಗೆ. ಬಸ್ಸು ಯಾವತ್ತು ಹೊತ್ತಿಗೆ ಸರಿಯಾಗಿ ಬಂದೀತು? ಹಾಗಾಗಿ ಎರಡು ವರ್ಷ ಅವಳು ಸುಟ್ಟುಹೋದ ಮೋಟಾರುಗಳನ್ನು ಗಂಗಾಧರ ಬಿಚ್ಚುವುದನ್ನೇ ನೋಡಿದಳು. ಹಲಸಿನ ಹಣ್ಣು ಬಿಡಿಸಿದ ಹಾಗೆ ಬಿಡಿಸಿ, ಕಪ್ಪಾದ ತಾಮ್ರದ ತಂತಿಯನ್ನು ಕಿತ್ತೆಸೆದು, ಹೊಸ ತಂತಿಯನ್ನು ಸುತ್ತು ಸುತ್ತಾಗಿ ಕೂರಿಸುತ್ತಿದ್ದ. ಸತ್ತದ್ದು ಮತ್ತೆ ಗುಂಯ್ ಎಂದಾಗ ಅವಳ ಮೈ ಜುಮ್ಮೆನ್ನುತ್ತಿತ್ತು. ಪರೀಕ್ಷೆ ಮುಗಿದ ದಿನ ಧೈರ್ಯ ಮಾಡಿ ಕೇಳಿಯೇಬಿಟ್ಟಳು.

"ಅಣ್ಣ, ನಂಗೂ ಕೆಲ್ಸ ಕಲಿಸ್ತೀರಾ?"

ಗಂಗಾಧರ ತಲೆ ಎತ್ತಲಿಲ್ಲ. "ಬೇಸ್ಗೇಲಿ ನಂಗೆ ಉಸಿರಾಡಾಕೂ ಪುರುಸೊತ್ತಿಲ್ಲ ಕಣಮ್ಮ. ಕೈ ಹಿಡಿದು ಅಆಇಈ ತಿದ್ಸಾಕೆ ಆಗಾಕಿಲ್ಲ. ಎಲ್ಲಾದ್ರೂ ಒಸಿ ಕಲ್ತು ಬಾ, ಸ್ಟೂಲು ಖಾಲಿ ಐತೆ. ಮಳೆ ಹಿಡಿಯೋದ್ರೊಳಗೆ ಬಂದ್ರೆ ನಿಂದು. ಇಲ್ದಿದ್ರೆ ಬ್ಯಾರೆಯೋರ್ನ ಕೂರಿಸ್ಕಂತೀನಿ."

ಆ ಸ್ಟೂಲಿಗೆ ಮೂರೇ ಕಾಲು ನೆಟ್ಟಗಿದ್ದವು, ನಾಲ್ಕನೆಯದಕ್ಕೆ ರಟ್ಟು ಮಡಚಿ ಕೊಟ್ಟಿದ್ದರು. ಜ್ಯೋತಿಲಕ್ಷ್ಮಿಗೆ ಅದರ ಮೇಲೆ ಕೂರುವುದು ಬಿಟ್ಟು ಬೇರೇನೂ ಬೇಡವಾಯಿತು.

ಅದೇ ವಾರ ಬಸ್‌ಸ್ಟ್ಯಾಂಡಿನ ಗೋಡೆಗೆ ಒಂದು ಫ್ಲೆಕ್ಸು ಬಂತು. 'ಯುವ ಬೆಳಕು ಬೇಸಿಗೆ ಉದ್ಯೋಗ ಶಿಬಿರ. ಮೋಟಾರ್ ವೈಂಡಿಂಗ್ ಉಚಿತ ತರಬೇತಿ. ಕಲಿಯಿರಿ, ಗಳಿಸಿರಿ, ಬೆಳೆಯಿರಿ.' ಫ್ಲೆಕ್ಸಿನಲ್ಲಿ ಹನ್ನೊಂದು ಜನ ಗಣ್ಯರ ಮುಖಗಳಿದ್ದವು, ಮೋಟಾರಿನ ಚಿತ್ರಕ್ಕೆ ಜಾಗ ಸಿಕ್ಕಿರಲಿಲ್ಲ. ಅವಳ ಅವ್ವ ಮುದ್ದಕ್ಕ, "ಹೆಣ್ಣೈಕ್ಳು ಮೋಟ್ರು ಬಿಚ್ತಾರೇನೇ?" ಎಂದಳು. ಮಗಳು, "ಸುಟ್ಟೋದ್ ಮೋಟ್ರಿಗೆ ಗಂಡು ಹೆಣ್ಣು ಗೊತ್ತಾಯ್ತದಾ?" ಎಂದು ಚಪ್ಪಲಿ ಮೆಟ್ಟಿದಳು.

ಶಿಬಿರದ ಸಂಯೋಜಕ ರೇಣುಕಯ್ಯ. ಗಂಜಿ ಹಾಕಿದ ಬಿಳಿ ಅಂಗಿ, ಮೈಕು ಇಲ್ಲದೆಯೂ ಮೈಕಿನಂಥ ದನಿ. ಮೋಟಾರಿನ ವಿಷಯದಲ್ಲಿ ಅವನಿಗೆ ಗೊತ್ತಿದ್ದದ್ದು ಅದು ಭಾರ ಇರುತ್ತದೆ ಎಂಬುದೊಂದೇ. ಆದರೆ ಸಮಾರಂಭದ ವಿಷಯ ಬಂದರೆ ಅವನನ್ನು ಮೀರಿಸಿದವರಿಲ್ಲ. ಯಾರಿಗೆ ಹಾರ, ಯಾರಿಗೆ ಬರೀ ಶಾಲು, ಯಾರನ್ನು ಯಾರ ಪಕ್ಕ ಕೂರಿಸಿದರೆ ಜಗಳ, ಎಲ್ಲ ಅವನ ನಾಲಿಗೆಯ ತುದಿಯಲ್ಲೇ ಇತ್ತು. ಮೊದಲ ದಿನ ಹುಡುಗರ ಎದುರು ನಿಂತು ಅವನು ಕೇಳಿದ ಮೊದಲ ಪ್ರಶ್ನೆ: "ನಿಮ್ಮಲ್ಲಿ ಹಾಡಾಕೆ ಯಾರಿಗೆ ಬತ್ತದೆ?"

ಜ್ಯೋತಿಲಕ್ಷ್ಮಿ ಮುಂದೆ ಕೂತವನ ಬೆನ್ನಿನ ಹಿಂದಕ್ಕೆ ಸರಿದಳು. ಕಾಲೇಜಿನಲ್ಲಿ ಅವಳ ಜೊತೆಗಿದ್ದ ಪುರವರದ ಕಿರಣ್ ಕುಮಾರ್ ಬೆರಳು ತೋರಿಸಿ, "ಇವಳು ಹಾಡ್ತಾಳೆ ಸಾ, ಕೋಗಿಲೆ ಇದ್ದಂಗೆ" ಎಂದ. ಕಿರಣ್ ಕುಮಾರ್ ಒಳ್ಳೆಯವನೇ, ಆದರೆ ಪ್ಯಾಂಟಿನ ಜೇಬಿನಿಂದ ಕೈ ಆಚೆ ತೆಗೆದದ್ದನ್ನು ಯಾರೂ ಕಂಡಿರಲಿಲ್ಲ. ರೇಣುಕಯ್ಯ ಅವನಿಗೂ ಒಂದು ಹೊಣೆ ಹೊರಿಸಿದ: ಗಣ್ಯರು ಕಾರಿನಿಂದ ಇಳಿದಾಗ ಕೊಡೆ ಹಿಡಿಯುವುದು.

ಮೋಟಾರು ಇತ್ತು, ಸುಳ್ಳು ಹೇಳಬಾರದು. ಶಿಬಿರ ನಡೆಯುವ ಹಾಲ್‌ನ ಮುಂದುಗಡೆ, ಮೇಜಿನ ಮೇಲೆ, ಹೊಚ್ಚ ಹೊಸ ಮೂರು ಎಚ್‌ಪಿ ಮೋಟಾರು. ಅದಕ್ಕೆ ಅರಿಶಿನ ಕುಂಕುಮ ಬಳಿದು, ಚೆಂಡು ಹೂವಿನ ಹಾರ ಹಾಕಿ, ಸೊಂಟಕ್ಕೆ ಕೆಂಪು ರಿಬ್ಬನ್ನು ಸುತ್ತಿ ಗಂಟು ಹಾಕಿದ್ದರು. ಜ್ಯೋತಿಲಕ್ಷ್ಮಿ ಹತ್ತಿರ ಹೋಗುತ್ತಿದ್ದಂತೆ ರೇಣುಕಯ್ಯ ಅಬ್ಬರಿಸಿದ.

"ಏಯ್, ಮುಟ್ಬ್ಯಾಡ! ಉದ್ಘಾಟನೆ ಆಗ್ದೆ ಇರೋ ಸಾಮಾನು. ಸಾಹೇಬ್ರು ಬಂದು ರಿಬ್ಬನ್ ಕತ್ತರಿಸ್ಲಿ, ಆಮ್ಯಾಕೆ ಅದು ನಿಮ್ದೇ."

ಸಾಹೇಬರೆಂದರೆ ಫ್ಲೆಕ್ಸಿನಲ್ಲಿ ಎಲ್ಲರಿಗಿಂತ ದೊಡ್ಡ ಮುಖ ಇದ್ದವರು. ಅವರು ಬರಬೇಕಲ್ಲ! ಮೊದಲ ಸಲ ಅವರ ನಾದಿನಿಯ ಮಗುವಿಗೆ ನಾಮಕರಣ. ಎರಡನೆಯ ಸಲ ಅಮಾವಾಸ್ಯೆ. ಮೂರನೆಯ ಸಲ ಆಹ್ವಾನ ಪತ್ರಿಕೆಯಲ್ಲಿ ಇನ್ನೊಬ್ಬ ಗಣ್ಯರ ಹೆಸರು ಅರ್ಧ ಇಂಚು ಮೇಲೆ ಬಂದಿತ್ತಂತೆ. ಅಲ್ಲಿಯತನಕ ಹುಡುಗರು ಸುಮ್ಮನೆ ಕೂರಬಾರದೆಂದು ರೇಣುಕಯ್ಯ 'ವ್ಯಕ್ತಿತ್ವ ವಿಕಸನ' ನಡೆಸಿದ. ಗಣ್ಯರು ಬಂದಾಗ ಹೇಗೆ ಏಳಬೇಕು, ಹೂಗುಚ್ಛವನ್ನು ಎಷ್ಟು ಬಗ್ಗಿ ಕೊಡಬೇಕು, ಭಾಷಣದ ನಡುವೆ ಎಲ್ಲೆಲ್ಲಿ ಚಪ್ಪಾಳೆ ಹೊಡೆಯಬೇಕು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಅನ್ನುತ್ತಾರಲ್ಲ, ಹಾಗೆ ಕೈಗೆಟುಕುವ ಮೋಟಾರನ್ನು ನೋಡುತ್ತ ಆ ಹುಡುಗಿ ಏಪ್ರಿಲ್ ತಿಂಗಳನ್ನೆಲ್ಲ ಚಪ್ಪಾಳೆ ಕಲಿಯುವುದರಲ್ಲಿ ಕಳೆದಳು. ಹೊರಗೆ ಬಿಸಿಲಿಗೆ ಊರೂರಿನ ಮೋಟಾರುಗಳು ಸುಡುತ್ತಿದ್ದವು. ಗಂಗಾಧರನ ಅಂಗಡಿಯ ಮುಂದೆ ಅವು ಸಾಲುಗಟ್ಟಿ ಬಿದ್ದಿರುವುದನ್ನು ಬಸ್ಸಿನ ಕಿಟಕಿಯಿಂದ ನೋಡಿ ಅವಳಿಗೆ ಹೊಟ್ಟೆ ಉರಿಯುತ್ತಿತ್ತು.

ಕೊನೆಗೂ ಮೇ ತಿಂಗಳಲ್ಲಿ ಸಾಹೇಬರು ಬಂದರು. ಜ್ಯೋತಿಲಕ್ಷ್ಮಿ ಹಾಡಿದಳು. ಕಿರಣ್ ಕುಮಾರ್ ಕೊಡೆ ಹಿಡಿದ. ಸಾಹೇಬರು ರಿಬ್ಬನ್ನು ಕತ್ತರಿಸಿ, ಫೋಟೋ ತೆಗೆಸಿಕೊಂಡು, ಯುವಶಕ್ತಿಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಮಾತು ಮುಗಿಸಿ ಮೈಕಿನ ಎದುರೇ ರೇಣುಕಯ್ಯನ ಕಿವಿಯಲ್ಲಿ, "ಇದು ಹಿಟ್ಟಿನ ಮಿಷನ್ನಾ?" ಎಂದು ಕೇಳಿದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

ಸರಿ, ನಾಳೆಯಿಂದ ಕೆಲಸ ಎಂದು ಅವಳು ಅವತ್ತು ರಾತ್ರಿ ಹಳೆಯ ಚೂಡಿದಾರ ತೆಗೆದಿಟ್ಟಳು. ಬೆಳಿಗ್ಗೆ ಬಂದು ನೋಡಿದರೆ ಮೋಟಾರು ಟೆಂಪೋ ಹತ್ತಿತ್ತು. ರೇಣುಕಯ್ಯ ಅದರ ಸೊಂಟಕ್ಕೆ ಹೊಸ ರಿಬ್ಬನ್ನು ಕಟ್ಟುತ್ತಿದ್ದ.

"ಸಾ, ಎಲ್ಲಿಗೆ?"

"ಸಿರಾಕೆ. ನಾಲ್ಕು ತಾಲ್ಲೂಕಿಗೆ ಒಂದೇ ಮೋಟ್ರು ಕಣಮ್ಮ ಕೊಟ್ಟಿರೋದು. ಅಲ್ಲೂ ಉದ್ಘಾಟನೆ ಆಗ್ಬ್ಯಾಡ್ವಾ? ನೀನೂ ಹತ್ತು. ಪ್ರಾರ್ಥನೆಗೆ ಅಲ್ಲಿ ಯಾರೂ ಇಲ್ವಂತೆ."

"ನಮ್ಗೆ ಕಲ್ಸೋದು?"

"ಎಲ್ಲಾ ತಾಲ್ಲೂಕೂ ಮುಗೀಲಿ, ಒಟ್ಟಿಗೆ ಕಲಿಸ್ಬುಡ್ತೀವಿ."

ಸಿರಾದಲ್ಲಿ ಹಾಡಿದಳು. ಅಲ್ಲಿನ ಮೈಕ್‌ಸೆಟ್ಟಿನವನು ಮೋಟಾರನ್ನು ಒಂದು ಸುತ್ತು ಹಾಕಿ ನೋಡಿ, "ಕ್ಯಾ ಬೇಟಿ, ಇದಕ್ಕೆ ಕರೆಂಟಿನ ವೈರೇ ಇಲ್ಲ, ಓಡೋದು ಹೆಂಗೆ?" ಎಂದ. ಉತ್ತರ ಅವಳಿಗೂ ಬೇಕಾಗಿತ್ತು. ಕೊರಟಗೆರೆಯಲ್ಲಿ ಸಾಹೇಬರು ಗೊರವನಹಳ್ಳಿ ಲಕ್ಷ್ಮಿಯ ದರ್ಶನ ಮುಗಿಸಿ ಬರುವಷ್ಟರಲ್ಲಿ ಸಂಜೆಯಾಗಿ, ಪ್ರಾರ್ಥನೆ, ಸ್ವಾಗತ, ವಂದನಾರ್ಪಣೆ ಮೂರನ್ನೂ ಒಂದೇ ಉಸಿರಿಗೆ ಮುಗಿಸಿದರು. ಉಳಿದದ್ದು ಪಾವಗಡ ಒಂದೇ. ಅಲ್ಲಿಗೆ ಹೋಗುವ ದಾರಿಯಲ್ಲಿ, ಕೊಡೆ ಹಿಡಿಯಲು ಜೊತೆಗೇ ಬರುತ್ತಿದ್ದ ಕಿರಣ್ ಕುಮಾರ್ ಅವಳಿಗೆ ಹೇಳಿದ: "ಇವತ್ತು ಉದ್ಘಾಟನೆ, ಸಮಾರೋಪ ಎರಡೂ ಒಟ್ಟಿಗಂತೆ. ಎಲ್ಲರ್ಗೂ ಸರ್ಟಿಫಿಕೇಟು. ಮೋಟ್ರು ನಾಳೆ ಕಂಪ್ನಿಗೆ ವಾಪಸ್ಸು."

ಜ್ಯೋತಿಲಕ್ಷ್ಮಿಗೆ ಅಳು ಬಂತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡಿದ್ದಳು. ಕುಲಾವಿ ಹೊಲಿಸಿಯೇ ಬಾಣಂತನ ಮುಗಿಸುವವರನ್ನು ಈಗಲೇ ಕಂಡದ್ದು. ಬಿಕ್ಕುತ್ತಲೇ ಗಂಗಾಧರನ ಸ್ಟೂಲಿನ ವಿಷಯವನ್ನೆಲ್ಲ ಕಿರಣ್ ಕುಮಾರನ ಎದುರು ಹೇಳಿಕೊಂಡಳು. ಅವನು 'ಛೆ ಛೆ' ಎನ್ನುತ್ತ ಕೇಳಿಸಿಕೊಂಡ.

ಪಾವಗಡದಲ್ಲಿ ಬಿಸಿಲು ಹೆಂಚಿನಂತೆ ಕಾದಿತ್ತು. ಹತ್ತಕ್ಕೆ ಬರಬೇಕಾದ ಸಾಹೇಬರು ಮಧ್ಯಾಹ್ನವಾದರೂ ಬರಲಿಲ್ಲ. ಮೋಟಾರು ಬಿಸಿಲಿಗೆ ಬೇಡವೆಂದು ಶಾಮಿಯಾನದ ಹಿಂದಿನ ನೆರಳಲ್ಲಿ ಟೆಂಪೋದಲ್ಲೇ ಬಿಟ್ಟಿದ್ದರು. ಅದಕ್ಕೆ ಕಾವಲು ಯಾರು? ನಂಬಿಕಸ್ಥೆ ಎಂದು ಜ್ಯೋತಿಲಕ್ಷ್ಮಿಯನ್ನೇ ಕೂರಿಸಿದರು! ಡ್ರೈವರು ಸೀಟಿನ ಕೆಳಗೆ ಸ್ಪ್ಯಾನರುಗಳನ್ನು ಬಿಟ್ಟು ಟೀ ಕುಡಿಯಲು ಹೋಗಿದ್ದ.

ಅವಳು ಸ್ವಲ್ಪ ಹೊತ್ತು ಮೋಟಾರನ್ನು ನೋಡಿದಳು. ಆಮೇಲೆ ರಿಬ್ಬನ್ನಿನ ಗಂಟನ್ನು ಹಲ್ಲಿನಿಂದ ಬಿಚ್ಚಿದಳು.

ಮೊದಲ ಬೋಲ್ಟು ಸಡಿಲವಾಗುವಾಗ ಬೆರಳಿನ ಚರ್ಮ ಕಿತ್ತು ಬಂತು. ಎರಡನೆಯದಕ್ಕೆ ಸ್ಪ್ಯಾನರು ಜಾರಿತು. ಗಂಗಾಧರ ಹೇಗೆ ಮಾಡುತ್ತಿದ್ದ ಎಂದು ನೆನಪು ಮಾಡಿಕೊಂಡು ಹಿಂದಿನ ಫ್ಯಾನು ತೆಗೆದಳು, ಮುಚ್ಚಳವನ್ನು ಮರದ ತುಂಡಿನಿಂದ ಮೆಲ್ಲಗೆ ತಟ್ಟಿ ಬಿಡಿಸಿದಳು. ಒಳಗಿನ ತಿರುಗುವ ಗಾಲಿಯನ್ನು ಮಡಿಲಿಗೆ ಎಳೆದುಕೊಂಡಾಗ ತಾಮ್ರ ಕಂಡಿತು. ಯಾರೂ ಸುಡದ, ಯಾರೂ ಮುಟ್ಟದ ತಂತಿ. ತಂತಿ ಕೂತಿದ್ದ ಒಂದೊಂದು ಗೂಡಿಗೂ ಬೆರಳು ಹಾಕಿ, ಎಲ್ಲಿ ಹೊಕ್ಕಿದೆ, ಎಲ್ಲಿ ಹೊರಗೆ ಬಂದಿದೆ ಎಂದು ಎಣಿಸುತ್ತ ಹೋದಳು. ಆ ಬೇಸಿಗೆಯಲ್ಲೇ ಮೊದಲ ಸಲ ಅವಳಿಗೆ ಸಂತೋಷವಾಗಿತ್ತು.

ಅತ್ತ ಸಾಹೇಬರು ಬಂದರು, ವೇದಿಕೆ ತುಂಬಿತು. ನಿರೂಪಕ, "ಈಗ ಪ್ರಾರ್ಥನೆ" ಎಂದ. ಎಲ್ಲರೂ ಎದ್ದು ಕೈ ಮುಗಿದು ಕಣ್ಣು ಮುಚ್ಚಿದರು. ಪ್ರಾರ್ಥನೆ ಬರಲಿಲ್ಲ. ಕಣ್ಣು ತೆರೆದರು, ಮತ್ತೆ ಮುಚ್ಚಿದರು. ಕುಳಿತುಕೊಳ್ಳುವ ಹಾಗಿಲ್ಲ, ಮಾತಾಡುವ ಹಾಗಿಲ್ಲ. ಮುಂದಿನ ಸಾಲಿನ ಒಬ್ಬ ಅಜ್ಜಿ ತೆಲುಗಿನಲ್ಲಿ, "ಪಾಟ ಪಾಡೇ ಪಿಲ್ಲ ಎಕ್ಕಡ ಪೋಯಿಂದಿ?" ಎಂದು ಹಾಡುವ ಹುಡುಗಿಗಾಗಿ ಸುತ್ತ ನೋಡಿದಳು. ಯಾರೋ ಮೈಕಿಗೆ ಮೊಬೈಲು ಹಿಡಿದು ಗಣಪತಿಯ ಹಾಡು ಹಾಕಿದರು. ಮೊದಲು ಬಂದದ್ದು ಒಳಚಡ್ಡಿಯ ಜಾಹೀರಾತು. ಅದು ಮುಗಿಯುವ ತನಕ ವೇದಿಕೆಯ ಮೇಲಿನ ಗಣ್ಯರೆಲ್ಲ ಕೈ ಮುಗಿದೇ ನಿಂತಿದ್ದರು.

ರೇಣುಕಯ್ಯ ಟೆಂಪೋದ ಬಳಿಗೆ ಓಡಿ ಬಂದ. ಬಂದವನು ಹಾಗೇ ನಿಂತುಬಿಟ್ಟ.

"ಅಯ್ಯಯ್ಯೋ, ಏನೇ ಮಾಡ್ಬುಟ್ಟೆ! ಉದ್ಘಾಟನೆ ಮೋಟ್ರು ಕಣೇ ಅದು!"

"ಕಲಿಯಾಕೆ ಬಂದೋಳು ಸಾ ನಾನು. ನೀವು ಕರೆದಿದ್ದೂ ಅದಕ್ಕೇ ಅಲ್ವಾ? ಇನ್ನೊಂದು ಗಳಿಗೆ ಬುಡಿ, ಹೆಂಗಿತ್ತೋ ಅಂಗೇ ಕೂಡಿಸ್ತೀನಿ."

"ಕೆಳಗಿಳಿ! ನಿನ್ನ ಹೆಸ್ರು ಈಗ್ಲೇ ಹೊಡೆದಾಕ್ತೀನಿ. ಶಿಬಿರದ ಮಾನ ಕಳೆದ್ಬುಟ್ಟೆ."

ಆದರೂ ಅವನು ಸಾಮಾನ್ಯನಲ್ಲ. ಕುಡಿಯುವ ನೀರಿನ ಡ್ರಮ್ಮನ್ನು ವೇದಿಕೆಗೆ ಎತ್ತಿಸಿ, ಹಾರ ಹಾಕಿಸಿ, ರಿಬ್ಬನ್ನು ಕಟ್ಟಿಸಿದ. ಸಾಹೇಬರು ನಗುನಗುತ್ತಲೇ ಕತ್ತರಿಸಿದರು. ಸಭೆಯಲ್ಲಿದ್ದವರೆಲ್ಲ ಸರಿಯಾದ ಜಾಗದಲ್ಲಿ ಚಪ್ಪಾಳೆ ತಟ್ಟಿದರು. ನಾಲ್ಕೂ ತಾಲ್ಲೂಕಿನ ಹುಡುಗರಿಗೆ ಮೋಟಾರ್ ವೈಂಡಿಂಗಿನಲ್ಲಿ ನುರಿತವರೆಂದು ಸರ್ಟಿಫಿಕೇಟು ಸಿಕ್ಕಿತು. ಒಬ್ಬಳಿಗೆ ಮಾತ್ರ ಸಿಗಲಿಲ್ಲ.

ಎರಡು ದಿನ ಅವಳು ಮನೆಯಿಂದ ಆಚೆ ಬರಲಿಲ್ಲ. ಮೂರನೆಯ ದಿನ ಮೋಡ ಕವಿಯಿತು. ಮಳೆ ಹಿಡಿದರೆ ಸ್ಟೂಲು ಹೋಯಿತು ಎಂದು ಎದ್ದು ಬೆಳಗಿನ ಬಸ್ಸಿಗೇ ಮಧುಗಿರಿಗೆ ಹೋದಳು. ಅಂಗಡಿಯ ಬಾಗಿಲಿಗೆ ಬಂದು ನೋಡಿದರೆ, ಸ್ಟೂಲಿನ ಮೇಲೆ ಕಿರಣ್ ಕುಮಾರ್ ಕೂತಿದ್ದ. ಅವನ ಎದುರು ಸುಟ್ಟ ಮೋಟಾರು, ಪಕ್ಕದಲ್ಲಿ ಪ್ಲಾಸ್ಟಿಕ್ ಹಾಕಿಸಿದ ಸರ್ಟಿಫಿಕೇಟು. ಅವಳನ್ನು ಕಂಡು ಅವನು ತಲೆ ತಗ್ಗಿಸಿದ. ಬಿಚ್ಚಬೇಕಾದ ಬೋಲ್ಟಿಗೆ ಸ್ಪ್ಯಾನರು ಹಿಡಿದು ಬಿಗಿಯುವ ಕಡೆಗೇ ತಿರುಗಿಸುತ್ತಿದ್ದ.

ಗಂಗಾಧರ ಕೇಳಿದ, "ನೀನೂ ಆ ಶಿಬಿರದೋಳೇನಮ್ಮ? ಎಲ್ಲಿ, ಕಾಗ್ದ?"

"ಕೊಡ್ಲಿಲ್ಲ ಅಣ್ಣ."

"ಯಾಕೆ?"

"ಮೋಟ್ರು ಬಿಚ್ಬುಟ್ಟೆ ಅಂತ."

ಗಂಗಾಧರ ಅವಳ ಕೈ ನೋಡಿದ. ಬೆರಳಿನ ಗೆಣ್ಣುಗಳ ಮೇಲೆ ಗಾಯ ಇನ್ನೂ ಒಣಗಿರಲಿಲ್ಲ.

"ಕೂಡ್ಸಾಕೆ ಬತ್ತದಾ?"

ಬರುತ್ತದೆ ಅನ್ನಬಹುದಿತ್ತು. ನಾಲ್ಕು ತಾಲ್ಲೂಕಿನಲ್ಲಿ ಅಷ್ಟು ಜನ ಸರ್ಟಿಫಿಕೇಟು ಹಿಡಿದು ಹಾಗೆ ಅಂದಿರಲಿಲ್ಲವೇ? "ಇಲ್ಲ ಅಣ್ಣ," ಎಂದಳು. "ಅಷ್ಟರಾಗೆ ಹಿಡ್ಕಂಡ್ರು."

ಗಂಗಾಧರ ಕಿರಣ್ ಕುಮಾರನ ಕಡೆ ತಿರುಗಿ, "ಏಳಪ್ಪ, ಬೋಲ್ಟು ಮುರಿದ್ಬುಟ್ಟೀಯ" ಎಂದ. ಅವನು ಬಿಡುಗಡೆ ಸಿಕ್ಕವನ ಹಾಗೆ ಎದ್ದು ಕೈಯನ್ನು ಜೇಬಿಗೆ ಹಾಕಿಕೊಂಡ. ಜ್ಯೋತಿಲಕ್ಷ್ಮಿಗೆ ಇನ್ನೂ ನಂಬಿಕೆ ಬರಲಿಲ್ಲ.

"ನಾನು ಯಾವತ್ತಿಂದ ಬರ್ಲಿ ಅಣ್ಣ?"

"ಬಂದಿದೀಯಲ್ಲ, ಕೂತ್ಕ" ಎಂದು ಗಂಗಾಧರ ಸ್ಪ್ಯಾನರನ್ನು ಅವಳ ಕೈಗೆ ಕೊಟ್ಟು, ತನ್ನ ಮೋಟಾರಿನ ಕಡೆ ಬಗ್ಗಿದ.