ಅಣೆಕಟ್ಟಿನ ಗೇಟಿನಲ್ಲಿ ಕಂಡಕ್ಟರ್ ಅಪ್ಪ

ಅಣೆಕಟ್ಟಿನ ಮೇಲೆ ನಿಂತು ಅಷ್ಟೂ ನೀರನ್ನು ಒಮ್ಮೆ ಕಣ್ತುಂಬ ನೋಡಬೇಕೆಂಬುದು ಅಮ್ಮನ ಬಹುದಿನಗಳ ಆಸೆ. ಮ್ಯಾನೇಜರನ ಹಳಸಲು ಜೋಕಿಗೆಲ್ಲ ಹೊಟ್ಟೆ ಹಿಡಿದು ನಕ್ಕು, ನಾನು ಒಂದು ದಿನದ ರಜೆ ಗಿಟ್ಟಿಸಿದ್ದೆ. ನಾವು ತಲುಪಿದಾಗ ಕೊನೆಯ ಗುಂಪನ್ನು ಒಳಗೆ ಬಿಡುತ್ತಿದ್ದರು. ಗೇಟಿನಲ್ಲಿ ನೂಕುನುಗ್ಗಲು.

ಅಪ್ಪ ಬಸ್ ಕಂಡಕ್ಟರ್. ಅವರಿಗೆ ರಜೆಯಿದ್ದರೂ ಅವರ ಗಂಟಲಿಗಿಲ್ಲ.

“ಒಬ್ಬೊಬ್ಬರಾಗಿ ಬನ್ನಿ. ಮಗು ಎತ್ಕೊಂಡಿರೋರು ಮುಂದೆ ಹೋಗಿ,” ಎಂದು ಶುರು ಹಚ್ಚಿಕೊಂಡರು. ಜನ ತೆಪ್ಪಗೆ ಸಾಲಾದರು. ಕಾವಲುಗಾರ ಆರಾಮಾಗಿ ಕುರ್ಚಿಯಲ್ಲಿ ಕೂತ.

“ಅಪ್ಪಾ, ನಾವೂ ಹೋಗೋಣ,” ಅಂದೆ.

“ತಡ್ಕೊಳೋ. ಎಲ್ರೂ ಹತ್ತಿದ ಮೇಲೆ ತಾನೇ ಕಂಡಕ್ಟರ್ ಹತ್ತೋದು?”

ಸಂಪಾದನೆ ಮಾಡುವ ಗಂಡುಮಗ ನಾನು, ಹೇಳಿದಂತೆ ಕೇಳಿ ಅಮ್ಮನ ಜೊತೆ ಸಾಲಿನ ಕೊನೆಗೆ ಹೋಗಿ ನಿಂತೆ.

ನಮ್ಮ ಮುಂದಿನವರು ಒಳಗೆ ಹೋದದ್ದೇ ತಡ, ಕಾವಲುಗಾರ ಎದ್ದು ಗೇಟು ಹಾಕಿದ. “ಇವತ್ತಿಗೆ ಇಷ್ಟೇ ಯಜಮಾನ್ರೇ, ನಾಳೆ ಬನ್ನಿ. ನಿಮ್ಮಿಂದ ತುಂಬಾ ಉಪಕಾರ ಆಯ್ತು.”

ನಾಳೆ ನಾನು ಆಫೀಸಿನಲ್ಲಿರಬೇಕು. ಗೇಟಿನ ಸಂದಿಯಲ್ಲಿ ಬರೀ ಕಾಂಕ್ರೀಟ್ ಗೋಡೆ ಕಾಣುತ್ತಿತ್ತು. ಅಮ್ಮ ಅದನ್ನೇ ಸ್ವಲ್ಪ ಹೊತ್ತು ನೋಡಿದಳು.

“ಕಂಡೋರನ್ನೆಲ್ಲ ಹತ್ತಿಸಿದ್ರಲ್ಲ, ಹೆಂಡ್ತಿಗೊಂದು ಜಾಗ ಇರ್ಲಿಲ್ವಾ?” ಎಂದವಳೇ ರಸ್ತೆ ಕಡೆ ಬಿರಬಿರನೆ ನಡೆದಳು.

ಅಪ್ಪ ನನ್ನನ್ನು ಪಕ್ಕಕ್ಕೆ ತಳ್ಳಿ ಅವಳ ಹಿಂದೆ ಓಡಿದರು.